ಗಾಜಿನೊಳಗಿನ ತೊಣಚಿ

ಬೆಳಗ್ಗೆ ಎದ್ದು ನೋಡಿದರೆ ಗಾಜಿನ ಮುಂದೆ ಮತ್ತೆ ಬೆಲ್ಲ ಇಟ್ಟಿತ್ತು. ಇಷ್ಟು ದಿನ ಬರೀ ಬೆಲ್ಲ. ಇವತ್ತು ಸಂಕ್ರಾಂತಿ ಅಂತ ಅದರ ಜೊತೆಗೆ ಒಂದು ಚೂರು ಕೊಬ್ಬರಿ, ಚಿಟಿಕೆ ಎಳ್ಳು, ಮುತ್ತುಗದ ಎಲೆಯ ಮೇಲೆ ಬೆಣ್ಣೆ ಸವರಿದ ಪುಟ್ಟ ರಾಗಿಮುದ್ದೆ. ಇರುವೆಯ ಸಾಲು ಗೋಡೆ ಹತ್ತಿ ಗೂಡಿಗೆ ಬಂದು ಬೆಲ್ಲವನ್ನು ಮುತ್ತಿಕೊಂಡು, ಅಷ್ಟಕ್ಕೇ ನಿಲ್ಲದೆ ಗಾಜಿನ ಬಾಯಿಗೆ ಕಟ್ಟಿದ್ದ ತೆಳು ಬಟ್ಟೆಯ ಅಂಚಿನವರೆಗೂ ಬಂದಿತ್ತು. ಅಮ್ಮಯಮ್ಮ ಸೆರಗಿನ ತುದಿಯಿಂದ ಇರುವೆಗಳನ್ನು ಒರೆಸಿದಳು, ಮುದ್ದೆಯನ್ನು ಎಲೆ ಸಮೇತ ಎತ್ತಿ ಕೆಳಗಿಟ್ಟಳು, ಬೆಲ್ಲ ಅಂಟಿದ್ದ ಜಾಗವನ್ನು ಒದ್ದೆ ಬಟ್ಟೆಯಲ್ಲಿ ಉಜ್ಜಿದಳು. ನಿನ್ನೆಯೂ ಉಜ್ಜಿದ್ದಳು. ಅತ್ತೆಗೆ ಎಷ್ಟು ಸಲ ಹೇಳುವುದು? ಅದು ಬೆಲ್ಲ ತಿನ್ನಲ್ಲ ಅತ್ತೆ, ಅದಕ್ಕೆ ಬಾಯಿ ಅಂತ ಇರೋದೇ ಸೂಜಿಯ ಹಾಗೆ, ರಕ್ತ ಬಿಟ್ಟು ಇನ್ನೇನೂ ಇಳಿಯಲ್ಲ ಎಂದು ನಿನ್ನೆ ಬಿಡಿಸಿ ಹೇಳಿದರೆ ಮುನಿಗಂಗಮ್ಮ ಕೇಳಿಸಿಕೊಂಡು, ತಲೆಯಾಡಿಸಿ, ಕೊನೆಗೆ, "ಎಡೆ ಇಕ್ಕೋದು ತಿನ್ಲಿ ಅಂತಲ್ಲ ಕಣೆ. ನೋಡ್ಲಿ ಅಂತ" ಎಂದಿದ್ದರು.

ಗಾಜು ಎಂದರೆ ಲಾಟೀನಿನ ಗಾಜು. ಯುದ್ಧ ಶುರುವಾದ ಮೇಲೆ ಸೀಮೆಎಣ್ಣೆ ಸಿಗುವುದೇ ಅಪರೂಪವಾಗಿ ಲಾಟೀನು ಅಟ್ಟ ಸೇರಿದ್ದರಿಂದ ಗಾಜನ್ನು ಕೇಳುವವರಿರಲಿಲ್ಲ. ಎರಡೂ ಬಾಯಿಗೆ ಬಟ್ಟೆ ಕಟ್ಟಿ, ತಳಕ್ಕೆ ಒಣ ಮಣ್ಣು ಉದುರಿಸಿ, ಒಳಗೆ ಆ ತೊಣಚಿಯನ್ನು ಬಿಟ್ಟಿದ್ದಳು. ದನಗಳ ಬಾಲದ ಬುಡದಲ್ಲಿ, ತೊಡೆಸಂದಿಯಲ್ಲಿ ಕಚ್ಚಿಕೊಂಡಿರುವ ಚಪ್ಪಟೆ ನೊಣ. ಬೆರಳಲ್ಲಿ ಹಿಚುಕಿದರೂ ಸಾಯದಷ್ಟು ಗಟ್ಟಿ. ಏಡಿಯ ಹಾಗೆ ಅಡ್ಡಡ್ಡ ಓಡುತ್ತದೆ. ನೊಣಗಳಲ್ಲಿ ಇದರದು ಒಂದು ಸಣ್ಣ ಕುಟುಂಬ. ಬೇರೆ ನೊಣಗಳ ಹಾಗೆ ಕಂಡಲ್ಲಿ ರಾಶಿ ಮೊಟ್ಟೆ ಇಟ್ಟು ಹಾರಿಹೋಗುವುದಿಲ್ಲ. ಒಂದು ಸಲಕ್ಕೆ ಒಂದೇ ಮರಿ, ಅದೂ ಹೊಟ್ಟೆಯೊಳಗೇ. ಒಳಗೇ ಅದಕ್ಕೆ ಹಾಲಿನಂಥದ್ದನ್ನು ಊಡಿಸಿ, ಪೂರ್ತಿ ಬೆಳೆಸಿ ಆಮೇಲೆ ಹೆರುತ್ತದೆ. ಹೆತ್ತದ್ದು ಆ ಹೊತ್ತಿಗೇ ಏನೂ ತಿನ್ನದೆ, ಎಲ್ಲೂ ಹೋಗದೆ, ಬಿದ್ದಲ್ಲೇ ಗಟ್ಟಿಯಾಗಿ ಕಪ್ಪು ಬೀಜದ ಹಾಗೆ ಆಗಿಬಿಡುತ್ತದೆ. ಇದೆಲ್ಲ ಪುಸ್ತಕದಲ್ಲಿತ್ತು. ಡಿಗ್ರಿಯ ಕಾಗದ ತರಲು ಬೆಂಗಳೂರಿಗೆ ಹೋಗಿದ್ದಾಗ ಪ್ರೊಫೆಸರು ಅವಳ ಬರಿಯ ಹಣೆಯನ್ನು ನೋಡದೆ ಕಿಟಕಿಯ ಕಡೆ ನೋಡುತ್ತ, ಪುಸ್ತಕದಲ್ಲಿರೋದು ಬೇಡಮ್ಮ, ನಿಮ್ಮ ಕೊಟ್ಟಿಗೆಯಲ್ಲೇ ಇದೆಯಲ್ಲ, ಅದು ಹೆರೋದನ್ನ ಒಂದು ಸಲ ಕಣ್ಣಾರೆ ನೋಡಿ ಬರೆದುಕೊಂಡು ಬಾ, ಹೆತ್ತದ್ದನ್ನ ತಾ, ಕಾಲೇಜಿನ ಲ್ಯಾಬಿನಲ್ಲಿ ಡಿಮಾನ್‌ಸ್ಟ್ರೇಟರ್ ಜಾಗ ಖಾಲಿಯಾಗುತ್ತೆ, ಹಬ್ಬ ಆದ ಮಾರನೆಯ ದಿನ ಮೀಟಿಂಗ್ ಇದೆ, ನಾನು ಹೇಳ್ತೀನಿ ಎಂದಿದ್ದರು. ಹೇಳದಿದ್ದರೆ ಜಾಗ ಇನ್ನೊಬ್ಬರಿಗೆ. ಹಬ್ಬ ಇವತ್ತು. ನಂದಗುಡಿಯ ಬಸ್ಸು ನಾಳೆ ಬೆಳಗ್ಗೆ. ತೊಣಚಿಯ ಹೊಟ್ಟೆ ಉಬ್ಬಿ ಬಿರಿಯುವ ಹಾಗಿತ್ತು, ಆದರೆ ಹೆತ್ತಿರಲಿಲ್ಲ.

ಅವಳು ಎಡಗೈ ಮೇಲಿನ ಸೆರಗನ್ನು ಸರಿಸಿ ಗಾಜಿನ ಬಾಯಿಯನ್ನು ಮೊಣಕೈ ಕೆಳಗೆ ಒತ್ತಿ ಹಿಡಿದಳು. ಬಟ್ಟೆಯ ಆಚೆಯಿಂದ ಅದು ಅಡ್ಡಡ್ಡ ಬಂತು, ನಿಂತಿತು, ಕಚ್ಚಿತು. ಮೊದಮೊದಲು ಕಣ್ಣು ಮುಚ್ಚಿಕೊಳ್ಳುತ್ತಿದ್ದಳು, ಈಗ ನೋಡುತ್ತಾಳೆ. ಕೈತುಂಬ ಕೆಂಪು ಗಂದೆಗಳು, ಮೇಲೊಂದು ಕೆಳಗೊಂದು. ರಾತ್ರಿಯೆಲ್ಲ ನವೆ. ಗಂಡ ರಾಮಾಂಜಿನಪ್ಪ ಹೋದಮೇಲೆ ಅವಳ ಮೈಗೆ ಗೊತ್ತಾಗಿದ್ದೆಂದರೆ ಇದೊಂದೇ. ಬಳೆ ಒಡೆದಾಗ ಗಾಜಿನ ಚೂರು ಮಣಿಕಟ್ಟಿಗೆ ಹೊಕ್ಕು ರಕ್ತ ಬಂದಿತ್ತಂತೆ, ಯಾರೋ ಅರಿಶಿನ ಮೆತ್ತಿದರು, ಅವಳಿಗೆ ನೆನಪಿರಲಿಲ್ಲ. ಅಳುವುದಕ್ಕೆ ಹೆಂಗಸರೆಲ್ಲ ಕಾದರು. ಪಕ್ಕದ ಮನೆಯ ಲಕ್ಕಮ್ಮ ಅವಳ ಬೆನ್ನು ಗುದ್ದಿ ಗುದ್ದಿ, ಅಳೇ ಅಳೇ ಎಂದು ಸೋತು, ಆಮೇಲೆ ಬಾವಿಯ ಹತ್ತಿರ "ಓದಿದೋರ ಕಣ್ಣಾಗೆ ನೀರೇ ಬರಾಕಿಲ್ವಂತೆ" ಎಂದಳು. ಅಮ್ಮಯಮ್ಮ ಬಿಂದಿಗೆ ಹಿಡಿದು ಅಲ್ಲೇ ನಿಂತಿದ್ದಳು. ಕಾಲೇಜಿನಲ್ಲಿ ಮೊದಲ ದಿನ ಹಾಜರಿ ಕೂಗಿದಾಗಲೂ ಹೀಗೇ, ಅಮ್ಮಯಮ್ಮ ಎಂಬ ಹೆಸರಿಗೆ ಇಡೀ ಕ್ಲಾಸು ನಕ್ಕಿತ್ತು, ಯಾರ ಅಮ್ಮನಮ್ಮಾ ನೀನು ಎಂದು ಹಿಂದಿನ ಬೆಂಚಿನಿಂದ ಯಾರೋ ಕೇಳಿದ್ದರು. ಆಗಲೂ ನಿಂತೇ ಇದ್ದಳು. ತೊಣಚಿ ಕುಡಿದು ಬಿಟ್ಟಿತು. ಗಾಜನ್ನು ಗೂಡಿನಲ್ಲಿಟ್ಟು ತಿರುಗಿದರೆ ಬಾಗಿಲಲ್ಲಿ ಅತ್ತೆ.

"ಕುಡೀತಾ?"

"ಕುಡೀತು ಅತ್ತೆ."

"ಎಡಗೈನೇ ಯಾಕೆ ಕೊಡ್ತೀಯ ದಿನಾ? ಊಟಕ್ಕೆ ಎಡಗೈ ಕೊಡ್ತಾರಾ?"

ಅವಳು ಸೆರಗನ್ನು ಕೈಮೇಲೆ ಎಳೆದುಕೊಂಡಳು. ಉತ್ತರ ಕೊಟ್ಟರೆ ಮತ್ತೆ ಮೊದಲಿನಿಂದ ಶುರು. ಗಂಡ ಸತ್ತ ಹನ್ನೊಂದನೆಯ ದಿನ ಸಮಾಧಿಯ ಗುಡ್ಡೆಯ ಮೇಲೆ ಎಡೆ ಇಟ್ಟು ಕಾದಾಗ ಕಾಗೆ ಬಂದಿರಲಿಲ್ಲ. ಬೇವಿನ ಮರದ ಮೇಲೆ ಕೂತಿತ್ತು, ಕೂಗಿತು, ಇಳಿಯಲಿಲ್ಲ. ಮಾವ ದೊಡ್ಡಮುನಿಯಪ್ಪ ಕೈಮುಗಿದು, ಏನು ಕೊರತೆಯಾಯ್ತಪ್ಪಾ ಎಂದು ಗಟ್ಟಿಯಾಗಿ ಕೇಳಿದರು. ಆ ಹೊತ್ತಿಗೆ ಎಲ್ಲಿಂದಲೋ ಒಂದು ತೊಣಚಿ ಬಂದು ಮುನಿಗಂಗಮ್ಮನ ಕೈ ಮೇಲೆ ಕೂತಿತು. ಕೊಡವಿದರೆ ಹೋಗಲಿಲ್ಲ, ಹೊಡೆದರೆ ಅಡ್ಡ ಸರಿದು ಮತ್ತೆ ಅಲ್ಲೇ ಕೂತಿತು. ಅವತ್ತು ಯಾರೂ ಏನೂ ಅನ್ನಲಿಲ್ಲ. ಮಗ ಕೊಟ್ಟಿಗೆಯಲ್ಲೇ ಮಲಗುತ್ತಿದ್ದವನು, ತನ್ನ ಜೋಡಿ ಎತ್ತುಗಳಲ್ಲಿ ಬಲಗಡೆಯದನ್ನು ಅಣ್ಣ ಎಂದೇ ಕರೆಯುತ್ತಿದ್ದವನು. ಅಮ್ಮಯಮ್ಮ ಅದೇ ಎತ್ತಿನ ಬಾಲ ಎತ್ತಿ ತೊಣಚಿ ಹಿಡಿದು ತಂದು, ಬಾಗಿಲು ಮುಂದೆ ಮಾಡಿಕೊಂಡು ತನ್ನ ರಕ್ತ ಕುಡಿಸುತ್ತಿದ್ದುದನ್ನು ಮುನಿಗಂಗಮ್ಮ ಒಂದು ದಿನ ಸಂದಿಯಿಂದ ನೋಡಿದರು. ಅವತ್ತೇ ಎಲ್ಲ ತೀರ್ಮಾನವಾಗಿಹೋಯಿತು. ಸೊಸೆಗೆ ಗೊತ್ತು. ಸೊಸೆ ಹೇಳುತ್ತಿಲ್ಲ. ಓದಿದವಳು, ತಿಳಿದುಕೊಂಡು ಗಂಡನನ್ನು ಹಿಡಿದು ತಂದಿದ್ದಾಳೆ, ಒಬ್ಬಳೇ ಇಟ್ಟುಕೊಂಡಿದ್ದಾಳೆ.

ಅತ್ತೆ, ಇದು ಹೆಣ್ಣು ಎಂದು ಅವಳು ಮೊದಲ ದಿನವೇ ಹೇಳಿದ್ದಳು, ಅಲ್ಲಿಗೆ ಮುಗಿಯುತ್ತದೆ ಎಂದುಕೊಂಡು. ಮುನಿಗಂಗಮ್ಮ ಒಂದು ಗಳಿಗೆಯೂ ಯೋಚಿಸದೆ "ಸತ್ತೋರಿಗೆ ಗಂಡೇನು ಹೆಣ್ಣೇನು" ಎಂದುಬಿಟ್ಟಿದ್ದರು.

ಎಣ್ಣೆನೀರಾಯಿತು. ಎಳ್ಳು ಬೀರುವುದಕ್ಕೆ ಬಂದ ಹೆಂಗಸರು ಹಜಾರದಲ್ಲಿ ಅತ್ತೆಗೆ ಕೊಟ್ಟು, ಅವಳ ಹತ್ತಿರ ಬಂದಾಗ ತಟ್ಟೆಯನ್ನು ಇನ್ನೊಂದು ಕಡೆಗೆ ತಿರುಗಿಸಿಕೊಂಡು ಹೋದರು. ಅದು ಅವರಿಗೂ ಕಷ್ಟವಾಗಿದ್ದರಿಂದ ಅವಳೇ ಅಡಿಗೆಮನೆಗೆ ಎದ್ದುಹೋದಳು. ನೆನೆದ ಅವರೆಕಾಳು ಹಿಚುಕುತ್ತ ಕೂತಳು. ಮಾವ ಹಿತ್ತಿಲ ಬಾಗಿಲಲ್ಲಿ ನಿಂತು ಹಗ್ಗ ಹೊಸೆಯುತ್ತಿದ್ದವರು ಅವಳ ಕಡೆ ನೋಡದೆ ಕೇಳಿದರು.

"ನಾಳೆ ಬಸ್ಸಿಗೆ ಅಂದ್ಯಂತೆ."

"ಹೌದು ಮಾವ. ನೀವು ಒಪ್ಪಿದರೆ."

"ನಂದೇನೈತಮ್ಮ. ನಿಮ್ಮತ್ತೆ ಹೂಂ ಅನ್ಲಿ. ಅವಳು ಅನ್ನಾಹಾರ ಬಿಟ್ಟು ಕೂತ್ರೆ ಸಂಭಾಳ್ಸೋನು ನಾನೊಬ್ನೇ."

ಅತ್ತೆ ಒಲೆಯ ಮುಂದಿನಿಂದಲೇ ಹೇಳಿದರು. "ಹೋಗ್ಲಿ ಬುಡು, ಯಾರು ಬ್ಯಾಡ ಅಂದೋರು? ಕಾಲೇಜ್ಗೆ ಹೋಗ್ಲಿ, ಕೆಲಸಕ್ಕೆ ಹೋಗ್ಲಿ. ಅವನ್ನ ಬುಟ್ಟೋಗ್ಲಿ ಅಷ್ಟೆ."

"ಅತ್ತೆ, ಅದು ನೊಣ."

"ನಾನೇನು ಆನೆ ಅಂದ್ನಾ?"

ಮಾವ ನಗು ತಡೆಯಲಾರದೆ ಕೆಮ್ಮಿದರು. ಅಮ್ಮಯಮ್ಮನಿಗೆ ಕೈಯಲ್ಲಿದ್ದ ಅವರೆಕಾಳನ್ನೆಲ್ಲ ಎಸೆದುಬಿಡುವಷ್ಟು ಸಿಟ್ಟು ಬಂತು. ಅಜ್ಞಾನದ ಮೇಲಾದರೆ ಸಿಟ್ಟು ಮಾಡಿಕೊಳ್ಳಬಹುದಿತ್ತು. ಆದರೆ ಅತ್ತೆ ಅವಳು ಹೇಳಿದ್ದನ್ನೆಲ್ಲ ಒಪ್ಪಿಕೊಂಡಿದ್ದರು. ನೊಣ ಎಂಬುದನ್ನು ಒಪ್ಪಿದ್ದರು, ಹೆಣ್ಣು ಎಂಬುದನ್ನು ಒಪ್ಪಿದ್ದರು, ರಕ್ತ ಕುಡಿಯುತ್ತದೆ ಎಂಬುದನ್ನೂ ಒಪ್ಪಿದ್ದರು. ಒಪ್ಪಿದ್ದನ್ನೆಲ್ಲ ಒಂದು ಪಕ್ಕಕ್ಕೆ ಜೋಡಿಸಿಟ್ಟು ಮತ್ತೆ ಅವನು ಎನ್ನುತ್ತಿದ್ದರು. ರಾಮಾಂಜಿನಪ್ಪನೂ ಹೀಗೇ ಇದ್ದ. ಎದುರಾಡುತ್ತಿರಲಿಲ್ಲ. ನೀನು ಹೇಳೋದು ಸರಿ ಕಣೆ ಎಂದು ತನ್ನ ದಾರಿಯನ್ನೇ ಹಿಡಿಯುತ್ತಿದ್ದ. ಮದುವೆಯಾದ ಹೊಸದರಲ್ಲಿ ಪರೀಕ್ಷೆಗೆ ಓದುತ್ತಿದ್ದವಳ ಮುಂದೆ ಕೂತು, ಏನು ಓದ್ತೀಯ ಎಂದು ಕೇಳಿ, ಅವಳು ಹೇಳಿದಾಗ, "ನಮ್ ತೊಣಚೀನಾ? ಅದಕ್ಕೂ ಪಾಠಾನಾ?" ಎಂದು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಿದ್ದ. ಮಾರನೆಯ ದಿನ ಮುಷ್ಟಿ ಹಿಡಿದುಕೊಂಡು ಬಂದು ಅವಳ ಪುಸ್ತಕದ ಮೇಲೆ ಬಿಚ್ಚಿದ. ತೊಣಚಿ. ಅವನ ಬೆವರಿಗೆ ರೆಕ್ಕೆ ಅಂಟಿಕೊಂಡಿತ್ತು. ರೆಕ್ಕೆ ಹಾಳಾಗಿದೆ, ಇದು ಕೆಲಸಕ್ಕೆ ಬರಲ್ಲ ಎಂದಳು. ಅದರ ಮಾರನೆಯ ದಿನ ಇನ್ನೊಂದು ತಂದ. ಬೆಂಕಿಪೆಟ್ಟಿಗೆಯಲ್ಲಿ. ಅದಕ್ಕೂ ಹಾಗೇ ಅಂದಳು, ಪೆಟ್ಟಿಗೆ ಪೂರ್ತಿ ತೆರೆಯದೆ. ಆಮೇಲೆ ಅವನು ತರಲಿಲ್ಲ, ಬೇಜಾರೂ ಮಾಡಿಕೊಳ್ಳಲಿಲ್ಲ. ಜ್ವರ ಬಂದು ಮಲಗಿದ್ದಾಗ ಕೂಡ, ನಿನಗೆ ಓದೋದಿರ್ತದೆ ಹೋಗು ಎಂದ, ಅವಳು ಹೋದಳು. ಅವರೆಕಾಳಿನ ಸಿಪ್ಪೆ ಉಗುರುಸಂದಿಗೆ ಹೊಕ್ಕಿತ್ತು.

ಉಪಾಯ ಹೊಳೆದದ್ದು ಮಧ್ಯಾಹ್ನ. ಅತ್ತೆಗೆ ಬೇಕಾದದ್ದು ಒಂದು ತೊಣಚಿ. ಇನ್ನೊಂದು ಹಿಡಿದು ಗಾಜಿನಲ್ಲಿ ಬಿಟ್ಟು, ಬಸುರಿಯನ್ನು ಬೇರೆ ಡಬ್ಬಿಯಲ್ಲಿ ಹಾಕಿಕೊಂಡು ನಾಳೆ ಹೊರಟರೆ ಮುಗಿಯಿತು. ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸ ಹೇಳುವವರು ಈ ಹೋಬಳಿಯಲ್ಲಿ ತಾನೊಬ್ಬಳೇ. ಇಷ್ಟು ಸುಲಭದ್ದು ಇಷ್ಟು ದಿನ ಯಾಕೆ ಹೊಳೆಯಲಿಲ್ಲವೋ! ಅವಳು ಕೊಟ್ಟಿಗೆಗೆ ಹೋದಳು. ಎತ್ತುಗಳು ಅಂಗಳದಲ್ಲಿದ್ದವು, ಕೆರೆಯಲ್ಲಿ ಮೈತೊಳೆಸಿಕೊಂಡು ಬಂದು, ಕೊಂಬಿಗೆ ಬಣ್ಣ, ಹಣೆಗೆ ಅರಿಶಿನ, ಕೊರಳಿಗೆ ಚೆಂಡುಹೂವು. ಮೈಗೆಲ್ಲ ಹೊಗೆಸೊಪ್ಪಿನ ನೀರು ಬಳಿದಿದ್ದರು, ಕಾರವಾದ ವಾಸನೆ. ಬಲಗಡೆಯ ಎತ್ತು ಅವಳನ್ನು ಕಂಡು ಕಿವಿ ಅಲ್ಲಾಡಿಸಿತು. ಅವಳು ಬಾಲ ಎತ್ತಿ ನೋಡಿದಳು. ಒಂದೂ ಇರಲಿಲ್ಲ. ಬಗ್ಗಿ ತೊಡೆಸಂದಿಗೆ ಕೈ ಹಾಕಿದಳು.

"ಅಯ್ಯೋ, ಏನು ಮಾಡ್ತಿದ್ದೀಯಮ್ಮ!" ಬೇಲಿಯ ಆಚೆಯಿಂದ ಲಕ್ಕಮ್ಮ. "ಕಿಚ್ಚು ಹಾಯೋ ರಾಸು ಕಣಮ್ಮ ಅದು. ಹಬ್ಬದ ದಿನ ನೀನು ಮುಟ್ಟಬೌದಾ? ಬೆಂಕಿ ಹಾರ್‍ವಾಗ ಕಾಲುಗೀಲು ಮುರ್ಕೊಂಡ್ರೆ?"

"ನೋಡ್ತಿದ್ದೆ ಅಷ್ಟೆ."

"ಬಾಲ ಎತ್ತಿ ನೋಡೋದು ಏನೈತೆ ತಾಯಿ ಅಲ್ಲಿ?"

ಅಂಗಳದಲ್ಲಿದ್ದವರು ನಕ್ಕರು. ಮಾವ ಮೂಗುದಾರ ಸರಿಮಾಡುತ್ತ ಎತ್ತಿನ ಆ ಪಕ್ಕದಲ್ಲೇ ಇದ್ದರು, ತಲೆ ಎತ್ತಲಿಲ್ಲ. ಆಮೇಲೆ ಅವರು ಒಂದು ಚೊಂಬು ನೀರು ತಂದು, ಅವಳು ಮುಟ್ಟಿದ ಜಾಗಕ್ಕೆ ಚಿಮುಕಿಸಿದರು, ಅವಳು ಹೋಗುವವರೆಗಾದರೂ ಕಾಯದೆ. ಅವಳಿಗೆ ನೋವಾಗಬೇಕಿತ್ತು. ಆದದ್ದು ಬರೀ ರೇಗಾಟ: ಹೊಗೆಸೊಪ್ಪಿನ ನೀರಿಗೆ ಎಲ್ಲ ಉದುರಿಹೋಗಿವೆ, ಸಾರಿಸಿದ ಗೋಡೆಯ ಬಿರುಕೆಲ್ಲ ಮುಚ್ಚಿಹೋಗಿವೆ, ಉಳಿದಿದ್ದರೆ ಇನ್ನು ಸ್ವಲ್ಪ ಹೊತ್ತಿಗೆ ಬೆಂಕಿ. ಇಡೀ ಊರು ಸೇರಿಕೊಂಡು ಇವತ್ತೊಂದೇ ದಿನ ತೊಣಚಿಗಳನ್ನು ಇಲ್ಲದಂತೆ ಮಾಡಬೇಕೆ! ಊರಲ್ಲಿ ಈಗ ಉಳಿದಿರುವುದು ಅದೊಂದೇ ಇರಬಹುದು, ಎಡೆ ಇಟ್ಟ ಗೂಡಿನಲ್ಲಿ.

ಸಂಜೆ ತಮಟೆಯ ಸದ್ದು ಊರಬಾಗಿಲ ಕಡೆಗೆ ಹೋಯಿತು. ಅಲ್ಲಿ ಹುಲ್ಲು ಹರಡಿ ಬೆಂಕಿ ಹಚ್ಚಿ, ಅದರ ಮೇಲೆ ದನಗಳನ್ನು ಓಡಿಸುತ್ತಾರೆ. ಮನೆ ಖಾಲಿಯಾಯಿತು ಎಂದುಕೊಂಡು ಅವಳು ಕೋಣೆಗೆ ಬಂದರೆ ಅತ್ತೆ ಹೋಗಿರಲಿಲ್ಲ. ಹೊಸ ಸೀರೆ ಉಟ್ಟುಕೊಂಡು ಗೂಡಿನ ಮುಂದೆ ಮೂಗು ತಾಗುವಷ್ಟು ಹತ್ತಿರ ನಿಂತಿದ್ದರು.

"ಬಾರೆ ಇಲ್ಲಿ. ಏನೋ ಆಗ್ತೈತೆ. ಬೆಳಿಗ್ಗೆ ನಿಂತಂಗೆ ನಿಂತಿಲ್ಲ."

ಅವಳು ಗಾಜನ್ನು ಕಿಟಕಿಯ ಬೆಳಕಿಗೆ ತಂದಳು. ತೊಣಚಿ ಮಣ್ಣಿನ ಮೇಲೆ ಹಿಂಗಾಲು ಅಗಲಿಸಿ ನಿಂತಿತ್ತು. ಹೊಟ್ಟೆಯ ತುದಿಯಲ್ಲಿ ಒಂದು ಬಿಳಿಯ ಚುಕ್ಕೆ. ಚುಕ್ಕೆ ಹೊರಗೆ ಬಂತು, ಒಳಗೆ ಹೋಯಿತು. ಬರೆದುಕೊಳ್ಳಬೇಕಿತ್ತು, ಪೆನ್ಸಿಲು ಎಲ್ಲಿಟ್ಟೆ ಎಂದು ತಡಕಾಡಲು ಕೈ ಬಿಡಲಾಗಲಿಲ್ಲ. ಅತ್ತೆ ಅವಳ ಹೆಗಲಿನ ಮೇಲೆ ಗಲ್ಲವಿಟ್ಟು ನೋಡುತ್ತಿದ್ದರು. ಊರಿನ ಅರ್ಧ ಮಕ್ಕಳನ್ನು ಹೆರಿಗೆ ಮಾಡಿಸಿ ಎತ್ತಿಕೊಂಡ ಕೈ ಅವರದು, ಹಸುವಿನ ಕರು ಅಡ್ಡ ಬಂದರೂ ಅವರನ್ನೇ ಕರೆಯುತ್ತಿದ್ದರು.

"ಬಸುರೀನಾ ಇದು?"

"ಹೇಳಿದ್ದೆನಲ್ಲ ಅತ್ತೆ, ಎಷ್ಟು ಸಲ."

"ನೀನು ಇಂಗ್ಲೀಷ್ನಾಗೆ ಏನೇನೋ ಹೇಳ್ದೆ. ಬಸುರಿ ಅಂದ್ಯಾ?" ಗಾಜಿನ ಮೇಲೆ ಅತ್ತೆಯ ಉಸಿರು ಮಂಜಾಯಿತು, ಸೆರಗಿನಿಂದ ಒರೆಸಿದರು. "ಮುಕ್ಕಬ್ಯಾಡ ಕಣೆ, ಇನ್ನೂ ಹೊತ್ತಾಗಿಲ್ಲ. ಆಂ… ತಡಿ. ಈಗ. ಈಗ ಮುಕ್ಕು."

ತನಗೆ ಹೇಳುತ್ತಿದ್ದಾರೋ ಎಂಬಂತೆ ಅಮ್ಮಯಮ್ಮನ ಹೊಟ್ಟೆ ಬಿಗಿಯಿತು. ಬಿಳಿಯದು ಜಾರಿ ಹೊರಗೆ ಬಂತು, ತಾಯಿಯ ಹೊಟ್ಟೆಯಷ್ಟೇ ದಪ್ಪ, ಒಂದು ತುದಿ ಮಾತ್ರ ಕಪ್ಪು, ಹಸಿ, ನುಣುಪು. ಮಣ್ಣಿನ ಮೇಲೆ ಬಿತ್ತು. ತೊಣಚಿ ತಿರುಗಿಯೂ ನೋಡದೆ ಅಡ್ಡಡ್ಡ ಗಾಜಿನ ಮೇಲೆ ಏರಿಹೋಯಿತು. ದೂರದಲ್ಲಿ ಹೋ ಎಂಬ ಕೂಗು. ಎತ್ತುಗಳು ಬೆಂಕಿ ಹಾಯುತ್ತಿದ್ದವು.

ಇಬ್ಬರೂ ನೆಲದ ಮೇಲೆ ಕೂತರು. ಅವಳು ಪೆನ್ಸಿಲು ಹುಡುಕಿ ಬರೆದಳು, ಅತ್ತೆ ಗಾಜನ್ನು ಮಡಿಲಲ್ಲಿಟ್ಟುಕೊಂಡು ಕಾದರು. ಬಿಳಿಯದು ನಿಧಾನವಾಗಿ ಹಳದಿಗೆ ತಿರುಗಿತು, ಆಮೇಲೆ ಕಂದು.

"ಬೆಳ್ಳಗಿತ್ತಲ್ಲೇ. ಕಪ್ಪಾಗ್ತೈತೆ. ಸಾಯ್ತೈತಾ?"

"ಇಲ್ಲ ಅತ್ತೆ. ಗಟ್ಟಿಯಾಗ್ತಿದೆ. ಹಾಗೇ ಆಗಬೇಕು."

"ಅವ್ನೂ ಹಿಂಗೇಯ. ಹುಟ್ದಾಗ ಹಾಲು. ಎಲ್ರೂ, ಮುನಿಗಂಗಿಗೆ ದೊರೆಮಗ ಹುಟ್ಟವ್ನೆ ಅಂದ್ರು. ತೊಟ್ಲಿಗೆ ಹಾಕೋ ಹೊತ್ಗೆ ನೋಡು, ಇದ್ಲು." ಅತ್ತೆ ನಕ್ಕರು. ನಗು ಅರ್ಧಕ್ಕೆ ನಿಂತಿತು. "ಇದು ಅವ್ನ ಕೂಸು."

ಅವಳಿಗೆ ಬಂದದ್ದು ಮತ್ತೆ ಅದೇ ಸಿಟ್ಟು, ತಲೆ ಚಚ್ಚಿಕೊಳ್ಳುವಷ್ಟು. ನಾಳೆ ಕೊಂಡೊಯ್ಯಬೇಕಾದದ್ದೇ ಇದು. ಇಷ್ಟು ದಿನ ಮಗನನ್ನು ಬಿಟ್ಟುಹೋಗು ಅಂದರು, ಈಗ ಮೊಮ್ಮಗು. ಮದುವೆಯಾಗಿ ಎರಡು ವರ್ಷ ಪ್ರತಿ ತಿಂಗಳೂ ಇವರು ಬಾಯಿಬಿಟ್ಟು ಕೇಳದೆ ಬರೀ ಅವಳ ಮುಖ ನೋಡುತ್ತಿದ್ದುದು, ಅವಳು ತಲೆಯ ಮೇಲೆ ನೀರು ಹಾಕಿಕೊಳ್ಳಲು ಹಿತ್ತಿಲಿಗೆ ಹೋಗುವಾಗ ಒಲೆಯ ಕಡೆ ತಿರುಗಿಕೊಳ್ಳುತ್ತಿದ್ದುದು, ಎಲ್ಲ ಒಟ್ಟಿಗೆ ನುಗ್ಗಿ ಬಂತು. ಇದು ನೊಣ, ಇದರ ಅಪ್ಪ ಇನ್ನೊಂದು ನೊಣ, ನಿಮ್ಮ ಮಗ ಸತ್ತಿದ್ದಾನೆ, ನನಗೆ ಮಕ್ಕಳಿಲ್ಲ ಎಂದು ಹೇಳಲು ಬಾಯಿ ತೆರೆದಳು. ಅತ್ತೆ ಎದ್ದು ಹೋಗಿಬಿಟ್ಟಿದ್ದರು. ನಡುಮನೆಯಲ್ಲಿ ಪೆಟ್ಟಿಗೆಯ ಮುಚ್ಚಳ ಕಿರುಗುಟ್ಟಿತು. ಬಂದಾಗ ಅವರ ಕೈಯಲ್ಲಿ ಅಮ್ಮಯಮ್ಮನ ಕುಂಕುಮದ ಡಬ್ಬಿಯಿತ್ತು, ಅವಳ ಅಪ್ಪ ಮದುವೆಗೆ ಕೊಟ್ಟಿದ್ದ ಮರದ ಡಬ್ಬಿ, ಬಳೆ ಒಡೆದ ದಿನ ಅವಳ ಗೂಡಿನಿಂದ ಯಾರೋ ತೆಗೆದದ್ದು. ಬಿಸಾಡಿದ್ದಾರೆ ಎಂದೇ ಅವಳು ತಿಳಿದಿದ್ದಳು.

ಮುನಿಗಂಗಮ್ಮ ದೀಪದ ಬತ್ತಿಗಿಟ್ಟಿದ್ದ ಹತ್ತಿಯನ್ನು ಹಿಂಜಿ ಡಬ್ಬಿಯೊಳಗೆ ಹಾಸಿದರು. "ಎತ್ತಿ ಇಡು. ನನ್ನ ಕೈ ಒರಟು."

ಅವಳು ಗಾಜಿನ ಒಂದು ಬಾಯಿ ಬಿಚ್ಚಿ, ಎಲೆಯ ತುದಿಯಲ್ಲಿ ಅದನ್ನು ಎತ್ತಿ ಹತ್ತಿಯ ಮೇಲಿಟ್ಟಳು. ಮೂಲೆಗಳಲ್ಲಿ ಹಳೆಯ ಕುಂಕುಮ ಇನ್ನೂ ಕೂತಿತ್ತು.

"ನೀನು ತಗೊಂಡೋಗು. ಕೂಸು ತಾಯಿ ತಾವ ಇರ್ಬೇಕು."

"ಅತ್ತೆ, ನಾನು ಅದಕ್ಕೆ…"

"ನೀನೇ ತಾನೆ ರಕ್ತ ಕೊಟ್ಟು ಸಾಕಿದ್ದು? ನಾನು ನೋಡಿಲ್ವಾ?" ಅತ್ತೆ ಅವಳ ಎಡಗೈಯನ್ನು ಹಿಡಿದು ಗಂದೆಗಳ ಮೇಲೆ ಹೆಬ್ಬೆರಳು ಆಡಿಸಿದರು. "ಅವ್ನು ಇಲ್ಲಿರ್ಲಿ. ನಾನು ನೋಡ್ಕಂತೀನಿ. ಹೆಂಗೆ ಹಿಡಿಯೋದು ತೋರ್ಸು."

 ಇಲ್ಲ ಎಂದರೆ ನಾಳೆ ಹೋಗುವ ಹಾಗಿಲ್ಲ. ಹೂಂ ಎಂದರೆ ಇಷ್ಟು ದಿನ ಹೇಳಿದ್ದೆಲ್ಲ ಸುಳ್ಳು. ಅವಳು ಎರಡೂ ಅನ್ನದೆ ಗಾಜಿನ ಬಾಯಿಗೆ ಮತ್ತೆ ಬಟ್ಟೆ ಕಟ್ಟಿ, ಅತ್ತೆಯ ಬಲಗೈಯ ಬಳೆಗಳನ್ನು ಮೇಲಕ್ಕೆ ಸರಿಸಿ, ಸುಕ್ಕುಗಟ್ಟಿದ ಮುಂಗೈಗೆ ಒತ್ತಿ ಹಿಡಿದಳು. ಹಸಿದಿದ್ದ ತೊಣಚಿ ತಡಮಾಡಲಿಲ್ಲ.

"ಅಬ್ಬಾ!" ಎಂದರು ಮುನಿಗಂಗಮ್ಮ, ಕೈ ಎಳೆದುಕೊಳ್ಳದೆ. "ದಿನಾ ಹಿಂಗೇನಾ?"

"ನೋವು ಈಗ ಅಷ್ಟೆ ಅತ್ತೆ. ಆಮೇಲೆ ಬರೀ ನವೆ."

"ಹಲ್ಲು ಬಂದಾಗ ಹಿಂಗೇ ಕಚ್ತಿದ್ದ ಹಾಳಾದೋನು" ಎಂದು, ಅದು ಕುಡಿದು ಮುಗಿಸುವವರೆಗೆ ಕಿಟಕಿಯ ಕಡೆ ನೋಡುತ್ತ ಕೂತರು.

ಬೆಳಗ್ಗೆ ಬಸ್ಸು ತಡವಾಗಿ ಬಂತು. ಪೆಟ್ರೋಲಿಲ್ಲದ ಕಾಲ, ಬಸ್ಸಿನ ಹಿಂದೆ ಇದ್ದಿಲಿನ ಒಲೆ, ಕ್ಲೀನರು ಇಳಿದಿಳಿದು ಅದನ್ನು ಕೆದಕಿ ತಿರುವಿ ಉಸಿರು ಕೊಡಬೇಕು. ಮಾವ ಗಂಟನ್ನು ಮೇಲೆ ಹಾಕಿಸಿ, ಹುಷಾರಮ್ಮ ಎಂದು ಅವಳ ಕಾಲಿನ ಕಡೆ ನೋಡುತ್ತ ಹೇಳಿದರು. ಅತ್ತೆ ಬಂದಿರಲಿಲ್ಲ. ಅವರಿಗೆ ಹೊತ್ತಾಗಿತ್ತು, ಕುಡಿಸುವ ಹೊತ್ತು. ಕೆರೆ ಏರಿ ದಾಟಿದ ಮೇಲೆ ಅವಳಿಗೆ ನೆನಪಾಯಿತು: ತೊಣಚಿ ಹೆಚ್ಚೆಂದರೆ ಇನ್ನೊಂದು ತಿಂಗಳು ಬದುಕಬಹುದು, ಇದನ್ನು ಅತ್ತೆಗೆ ಹೇಳಿರಲಿಲ್ಲ. ಮರೆತೆನೇ? ಮರೆತಿರಲಿಲ್ಲ. ನಿನ್ನೆ ರಾತ್ರಿ ಊಟಕ್ಕೆ ಕೂತಾಗ ನಾಲಗೆಯ ತುದಿಗೇ ಬಂದಿತ್ತು. ಅತ್ತೆ ಬಹಳ ದಿನಗಳ ಮೇಲೆ ಎರಡನೆಯ ಸಲ ಸಾರು ಬಡಿಸಿಕೊಳ್ಳುತ್ತಿದ್ದರು. ಒಂದು ಸತ್ತರೆ ಎತ್ತಿನ ಮೈಮೇಲೆ ಇನ್ನೊಂದು ಬಂದಿರುತ್ತದೆ, ಹಿಡಿದು ತರುತ್ತಾರೆ. ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸ ಹೇಳುವವಳು ಊರಿನಲ್ಲಿ ಇರುವುದಿಲ್ಲ.

ಕಂಡಕ್ಟರು ಟಿಕೆಟ್ಟು ಹರಿದು ಕೊಟ್ಟು ಅವಳ ಮಡಿಲನ್ನು ನೋಡಿದ. "ಏನಮ್ಮ ಅದು, ಅಷ್ಟು ಭದ್ರವಾಗಿ ಹಿಡ್ಕಂಡಿದ್ದೀರಿ?"

"ಕುಂಕುಮದ ಡಬ್ಬಿ."

ಅವನು ಅವಳ ಹಣೆಯನ್ನು ನೋಡಿದ, ಇನ್ನೇನೂ ಕೇಳದೆ ಮುಂದಿನ ಸೀಟಿಗೆ ಹೋದ. ಬಸ್ಸು ಹಳ್ಳಕ್ಕಿಳಿದು ಎಗರಿತು. ಮೊಣಕೈ ಕೆಳಗೆ ನಿನ್ನೆಯ ಗಂದೆ ನವೆಯಾಗತೊಡಗಿತು. ಎರಡೂ ಕೈ ಡಬ್ಬಿಯ ಮೇಲಿದ್ದವು. ಹೊಸಕೋಟೆ ಬರುವವರೆಗೂ ಅವಳು ಕೆರೆದುಕೊಳ್ಳಲಿಲ್ಲ.